ಗೇಟು ತೆರೆಯದ ಡ್ಯಾಮು

ನಿನ್ನೆ ಸಂಜೆಯಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಬರೆಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಮಗಳಿಗೆ ನೋಟ್‌ಬುಕ್ ತರಲು ಕೊಪ್ಪಳ ಬಸ್ ಸ್ಟ್ಯಾಂಡ್ ಕಡೆಯ ಒಂದು ಸ್ಟೇಷನರಿ ಅಂಗಡಿಗೆ ಹೋಗಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ, ಜೊತೆಗೆ ಐದನೆಯದೋ ಆರನೆಯದೋ ಓದುವ ಮಗ. ಅವರ ಮುಂದೆ ತುಂಗಭದ್ರಾ ಡ್ಯಾಮಿನ ರೆಡಿಮೇಡ್ ಮಾಡೆಲ್. ಥರ್ಮಾಕೋಲ್ ಗೋಡೆ, ನೀಲಿ ಬಣ್ಣದ ನೀರು, ಹಸಿರು ಸ್ಪಂಜಿನ ಗಿಡ. 450 ರೂಪಾಯಿ. ಶಾಲೆಯಲ್ಲಿ ಇವತ್ತು ಪ್ರದರ್ಶನವಂತೆ. ತಾಯಿ ಫೋನ್‌ನಲ್ಲಿ ದುಡ್ಡು ಹಾಕುವಷ್ಟರಲ್ಲಿ ಹುಡುಗ ಬೆರಳಿಟ್ಟು ಎಣಿಸಿಬಿಟ್ಟ.

"ಮಮ್ಮಿ, ಇದಕ್ಕ ಬರೇ ಹನ್ನೆರಡ ಗೇಟ್ ಅದಾವ. ಮುನಿರಾಬಾದಿಗೆ ಹೋದಾಗ ನಾ ಎಣಿಸೀನಿ, 33 ಅದಾವ."

"ಇರ್ಲಿ ಬಿಡು."

"ಮತ್ತ ಒಂದೂ ತೆರಿಯಂಗಿಲ್ಲ. ಅಂಟಿಸಿಬಿಟ್ಟಾರ."

"ತೆರದು ಏನ್ ಮಾಡಾಂವ ನೀ? ಮಾರ್ಕ್ಸ್ ಬಿದ್ರ ಸಾತು, ನಡಿ."

ಅವನು ಮತ್ತೆ ಮಾತಾಡಲಿಲ್ಲ. ಮಾಡೆಲ್ ಎತ್ತಿಕೊಂಡು ನಡೆದ. ನಾನು ನೋಟ್‌ಬುಕ್ ಕೇಳುವುದನ್ನೂ ಮರೆತು ನಿಂತಿದ್ದೆ.

ಆ ಹುಡುಗ ಡ್ಯಾಮಿನ ಮುಂದೆ ನಿಂತಾಗ ಬರೀ ಸೆಲ್ಫಿ ತೆಗೆಸಿಕೊಂಡು ಬಂದಿಲ್ಲ, ಎಣಿಸಿದ್ದಾನೆ. ಅದನ್ನು ತಲೆಯಲ್ಲಿಟ್ಟುಕೊಂಡಿದ್ದಾನೆ. ಮಾಡೆಲ್ ಕಂಡ ತಕ್ಷಣ ಹೋಲಿಸಿದ್ದಾನೆ. ಮೇಲಾಗಿ, ತೆರೆಯದ ಗೇಟು ಗೇಟೇ ಅಲ್ಲ ಎನ್ನುವುದು ಅವನಿಗೆ ಗೊತ್ತಾಗಿದೆ. ಸೃಜನಶೀಲತೆ ಬೆಳೆಸುತ್ತೇವೆ ಎಂದು ರಜೆಯಲ್ಲಿ ಶಿಬಿರ ಮಾಡಿ ಫೀ ತೆಗೆದುಕೊಳ್ಳುತ್ತಾರಲ್ಲ, ಅದು ಅಲ್ಲಿ ಕೌಂಟರಿನ ಮುಂದೆ ಪುಕ್ಕಟೆ ನಿಂತಿತ್ತು. ನಾವು "ನಡಿ" ಅಂದೆವು.

ನಾವು ಅನ್ನುತ್ತಿದ್ದೇನೆ, ಆ ತಾಯಿ ಅನ್ನುತ್ತಿಲ್ಲ. ಅದಕ್ಕೆ ಕಾರಣವಿದೆ. ಹೋದ ವರ್ಷ ನನ್ನ ಮಗಳು ಗಾಳಿ ಫ್ಯಾನ್ ಮಾಡುತ್ತೇನೆ ಅಂದಳು. ಕುಷ್ಟಗಿ ಕಡೆ ಹೋಗುವಾಗ ಗುಡ್ಡದ ಮೇಲೆ ಕರೆಂಟ್ ತಯಾರಿಸಲು ತಿರುಗುತ್ತವಲ್ಲ, ಅಂಥದ್ದು. ನೀರಿನ ಬಾಟಲಿ ಕತ್ತರಿಸಿ ರೆಕ್ಕೆ ಮಾಡಿದಳು. ಒಂದು ಗಿಡ್ಡ, ಒಂದು ಉದ್ದ. ತಿರುಗಲಿಲ್ಲ, ವಾಲಾಡಿತು. ರಾತ್ರಿ ಹತ್ತಾಗಿತ್ತು. "ಕೊಡಿಲ್ಲಿ" ಅಂತ ಕೈಯಿಂದ ಕಿತ್ತುಕೊಂಡೆ. ರಟ್ಟು ತಂದು, ಅಳತೆ ಹಾಕಿ, ಬಿಳಿ ಬಣ್ಣ ಬಳಿದು, ಹನ್ನೆರಡರ ಹೊತ್ತಿಗೆ ಚಂದದ ಫ್ಯಾನ್ ನಿಲ್ಲಿಸಿದೆ. ಅವಳು ಸೋಫಾದ ಮೇಲೆ ಮಲಗಿಬಿಟ್ಟಿದ್ದಳು. ಎರಡನೇ ಬಹುಮಾನ ಬಂತು. ಮನೆಗೆ ಬಂದ ಅತ್ತೆಗೆ ಅದನ್ನು ತೋರಿಸಿ ಮಗಳು ಹೇಳಿದ್ದು ಒಂದೇ ಮಾತು: "ಅದು ಅಪ್ಪಂದು."

ಅಲ್ಲಿಂದ ಅವಳು ಏನು ಕೆಟ್ಟರೂ ಮುಟ್ಟದೆ ನನ್ನ ಹತ್ತಿರ ತರುತ್ತಾಳೆ. ಪೆನ್ನಿನ ಸ್ಪ್ರಿಂಗ್ ಹಾರಿದರೂ "ಅಪ್ಪಾ, ನೀನ ಮಾಡು." ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಇನ್ನೂ ಹೆಚ್ಚು ನೋವಾಗುವುದು ಯಾಕೆಂದರೆ, ನಾನು ಬೆಳೆದ ಮನೆ ಹಾಗಿರಲಿಲ್ಲ. ಗಂಗಾವತಿಯಲ್ಲಿ ಅಪ್ಪನ ಮೋಟರ್ ವೈಂಡಿಂಗ್ ಅಂಗಡಿ ನೋಡಿದವರು ಇಲ್ಲಿ ಸುಮಾರು ಜನ ಇದ್ದೀರಿ. ಭತ್ತದ ಹಂಗಾಮಿನಲ್ಲಿ ರೈತರು ಸರದಿಯಲ್ಲಿ ಕೂತಿರುತ್ತಿದ್ದರು. ಅಷ್ಟು ಅವಸರದಲ್ಲೂ ಅಪ್ಪ ಪಾನಾ ನನ್ನ ಕೈಗೆ ಕೊಡುವ ಮುಂಚೆ ಕೇಳುತ್ತಿದ್ದರು: "ಯಾಕ ಕೆಟ್ಟಿರಬೇಕು? ಮೂರು ಕಾರಣ ಹೇಳು. ಆಮ್ಯಾಲೆ ಕೈ ಹಚ್ಚು."

ಒಂದು ರಾತ್ರಿ ಕಾಲುವೆ ದಂಡೆಯ ಮೇಲೆ ಒಂದು ಪಂಪು. ಮೋಟರ್ ಓಡುತ್ತದೆ, ನೀರು ಸರಿಯಾಗಿ ಎತ್ತುವುದಿಲ್ಲ. ಪೈಪಿನ ಬುಡದಲ್ಲಿ ನೀರು ವಾಪಸ್ ಹೋಗದಂತೆ ತಡೆಯುವ ಫುಟ್‌ವಾಲ್ ಸೋರುತ್ತಿರಬಹುದು ಅಂದೆ. ಪೈಪಿನಲ್ಲಿ ಗಾಳಿ ಹಿಡಿದಿರಬಹುದು ಅಂದೆ. ಮೂರನೆಯದು ಹೊಳೆಯಲಿಲ್ಲ. ಅಪ್ಪ ಬೀಡಿ ಹಚ್ಚಿಕೊಂಡು ಸುಮ್ಮನೆ ಕೂತರು. ಹೊಲದವನು ಚಡಪಡಿಸುತ್ತಿದ್ದ. ನನಗೆ ಸಿಟ್ಟು, ಅಳು ಎರಡೂ. ಬಹಳ ಹೊತ್ತು ಮೋಟರನ್ನೇ ನೋಡುತ್ತಾ ಕೂತವನಿಗೆ ಕಂಡಿತು. ಅದು ಉಲ್ಟಾ ತಿರುಗುತ್ತಿತ್ತು. ಮೂರು ಫೇಸಿನ ವಯರಿನಲ್ಲಿ ಎರಡು ಅದಲು ಬದಲಾದರೆ ಮೋಟರ್ ಹಿಂದುಮುಂದಾಗಿ ತಿರುಗುತ್ತದೆ. ಎರಡು ವಯರ್ ಬದಲಿಸಿ ಹಾಕಿದೆ, ನೀರು ದಬದಬ ಬಿತ್ತು. ಅಪ್ಪನಿಗೆ ಬಂದ ಕೂಡಲೇ ಗೊತ್ತಾಗಿತ್ತು. ಹೇಳಿರಲಿಲ್ಲ. ಆ ಹೇಳದಿರುವುದು ಎಷ್ಟು ಕಷ್ಟ ಎನ್ನುವುದು ನನಗೆ ಈಗ ತಿಳಿಯುತ್ತಿದೆ.

ಅವ್ವ ಇನ್ನೊಂದು ಕಡೆ ಕೌದಿ ಹೊಲಿಯುತ್ತಿದ್ದಳು. ಹಳೇ ಸೀರಿ, ಹರಿದ ಅಂಗಿ, ಕುಪ್ಪಸದ ತುಂಡು, ಒಂದನ್ನೂ ಎಸೆಯದೆ ಗಂಟು ಕಟ್ಟಿ ಇಟ್ಟಿರುತ್ತಿದ್ದಳು. ಮಧ್ಯಾಹ್ನ ಊಟ ಮುಗಿದ ಮೇಲೆ ಗಂಟು ಬಿಚ್ಚಿ, ಕೆಂಪು ತುಂಡನ್ನು ಇಲ್ಲಿಟ್ಟು ನೋಡುವುದು, ಅಲ್ಲಿಟ್ಟು ನೋಡುವುದು. ದಿನಾ ಒಂದು ತಾಸು. ಅವಳಿಗೆ ಯಾರೂ ಮಾರ್ಕ್ಸ್ ಕೊಡಲಿಲ್ಲ.

ಈಗ ಆ ಡ್ಯಾಮಿಗೇ ಬರುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಚೈನ್ ಕಡಿದು 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಕಡೆ ಯಾರು ನೆಮ್ಮದಿಯಾಗಿ ಉಂಡಿದ್ದರು? 105 ಟಿಎಂಸಿ ಹಿಡಿಯುವ ಡ್ಯಾಮು, ಅರ್ಧಕ್ಕಿಂತ ಹೆಚ್ಚು ನೀರು ಹೊರಗೆ ಬಿಟ್ಟರೆ ಮಾತ್ರ ರಿಪೇರಿ ಸಾಧ್ಯ ಎನ್ನುವ ಮಾತು ಓಡಾಡುತ್ತಿತ್ತು. ಕಾರಟಗಿ, ಸಿಂಧನೂರಿನ ಭತ್ತದ ಗದ್ದೆಯವರ ಮುಖ ನೋಡಲಾಗುತ್ತಿರಲಿಲ್ಲ. ಆಗ ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ನೀರು ತಡೆಯುವ ತಾತ್ಕಾಲಿಕ ಉಕ್ಕಿನ ತಡೆ, ಇಳಿಸೋಣ ಎಂದರು. 60 ಅಡಿ ಉದ್ದ, 20 ಅಡಿ ಎತ್ತರದ ಗೇಟಿನ ಜಾಗಕ್ಕೆ ಒಂದೇ ದೊಡ್ಡ ಗೇಟು ಅಲ್ಲ. ನಾಲ್ಕು ನಾಲ್ಕು ಅಡಿಯ ಐದು ತುಂಡು, ಒಂದರ ಮೇಲೊಂದು. ಒಂದು ವಾರದೊಳಗೆ ನೀರು ನಿಂತಿತು. ಟಿವಿಯಲ್ಲಿ ಅದನ್ನು ನೋಡಿ, ಅಪ್ಪನ ನೆನಪಾಗಿ ನಾನು ಅತ್ತುಬಿಟ್ಟೆ. ಒಂದು ದಾರಿ ಮುಚ್ಚಿದಾಗ ಇನ್ನೊಂದು ದಾರಿ ಹುಡುಕುವ ಆ ತಲೆ ಒಂದು ವಾರದಲ್ಲಿ ತಯಾರಾಗಿದ್ದಲ್ಲ. ದಶಕಗಳ ಕಾಲ ಗೇಟುಗಳ ಜೊತೆಗೇ ಬದುಕಿದ್ದರಿಂದ ಬಂದದ್ದು.

ಅದೇ ಡ್ಯಾಮಿನ ಮಾಡೆಲನ್ನು ನಾವು ಗೇಟು ಅಂಟಿಸಿ ಮಾರುತ್ತೇವೆ, ಕೊಳ್ಳುತ್ತೇವೆ, ಬಹುಮಾನ ಕೊಡುತ್ತೇವೆ.

"ನಿಮಗೇನ್ ಹೇಳ್ರಿ ಸರ, ಇಬ್ರೂ ದುಡಿಯಾಕ ಹೋಗೋ ಮನಿಯಾಗ ಟೈಮ್ ಎಲ್ಲೈತಿ?" ಎಂದು ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ. ಒಪ್ಪುತ್ತೇನೆ, ಟೈಮ್ ಇಲ್ಲ. ಆದರೆ ನಾನು ಕೇಳುತ್ತಿರುವುದು ಟೈಮ್ ಕೊಡಿ ಅಂತಲ್ಲ, ಕೈ ಹಾಕಬೇಡಿ ಅಂತ. ಅದಕ್ಕೆ ಒಂದು ನಿಮಿಷವೂ ಬೇಡ. ಫ್ಯಾನು ವಾಲಾಡಲಿ, ಹಾಗೇ ಶಾಲೆಗೆ ಹೋಗಲಿ. "ಬ್ಯಾರೆ ಮಕ್ಕಳ ಮುಂದ ಅವಮಾನ ಆಗತೈತಿ" ಅಂದ. ಅವಮಾನ ಆಗುವುದು ನಮಗೆ. ಮಗು ಅದೇ ಫ್ಯಾನನ್ನು ಬಸ್ಸಿನ ಕಿಟಕಿಯ ಹೊರಗೆ ಹಿಡಿದು, ಈಗ ತಿರುಗುತ್ತದಾ ಅಂತ ನೋಡುತ್ತಿರುತ್ತದೆ.

ಶಾಲೆಯವರಿಗೂ ಕೈಮುಗಿದು ಕೇಳುತ್ತೇನೆ. ಪ್ರದರ್ಶನದ ದಿನ ಮಗುವಿಗೆ ಒಂದೇ ಪ್ರಶ್ನೆ ಹಾಕಿ: ಇದು ಮೊದಲ ಸಲ ಯಾಕೆ ಕೆಟ್ಟಿತು? ಉತ್ತರ ಇದ್ದವರಿಗೆ ಬಹುಮಾನ ಕೊಡಿ. ಅಂಗಡಿಯ ಮಾಡೆಲ್ ಒಂದು ಸಲವೂ ಕೆಟ್ಟಿರುವುದಿಲ್ಲ.

ಹೋದ ಭಾನುವಾರ ಮಗಳನ್ನು ಕಿನ್ನಾಳಕ್ಕೆ ಕರೆದುಕೊಂಡು ಹೋಗಿದ್ದೆ. ಚಿತ್ರಗಾರರ ಮನೆಯಲ್ಲಿ ಹಗುರ ಮರದ ಗೊಂಬೆಗೆ ಹುಣಸೆ ಬೀಜದ ಅಂಟು ಸೇರಿಸಿದ ಲೇಪ ಹಚ್ಚುತ್ತಿದ್ದರು. ಒಣಗುವವರೆಗೆ ಕಾಯಬೇಕು, ಆಮೇಲೆ ಬಣ್ಣ. ಹಿರಿಯರೊಬ್ಬರು ಅವಳ ಕೈಗೆ ಆ ಲೇಪದ ಒಂದು ಉಂಡೆ ಕೊಟ್ಟು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಾ ಕೂತರು. ಹೀಗೆ ಮಾಡು, ಹಾಗೆ ಮಾಡು ಅನ್ನಲಿಲ್ಲ. ಅವಳು ಎರಡು ತಾಸು ಎದ್ದೇಳಲಿಲ್ಲ. ಮಾಡಿದ್ದು ಆನೆಯೋ ಎಮ್ಮೆಯೋ ಈಗಲೂ ನನಗೆ ತಿಳಿದಿಲ್ಲ. ಕಪಾಟಿನ ಮೇಲೆ ಇಟ್ಟಿದ್ದಾಳೆ. ಅದು ಅವಳದ್ದು.

ನಿನ್ನೆ ರಾತ್ರಿ ಆ ಹುಡುಗನ ಕತೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: "ಅಪ್ಪಾ, ಚೈನ್ ಕಡಿದ್ರ ಗೇಟ್ ತಾನ ಕೆಳಗ ಬಿದ್ದು ಮುಚ್ಕೋಬೇಕಲ್ಲ? ಕೊಚ್ಕೊಂಡು ಯಾಕ ಹೋತು?"

ಉತ್ತರ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. "ಮೂರು ಕಾರಣ ಹೇಳು" ಅಂದೆ.

ಎರಡು ಹೇಳಿದ್ದಾಳೆ. ಮೂರನೆಯದಕ್ಕೆ ಅಂತ ಇವತ್ತು ಬೆಳಗ್ಗೆಯಿಂದ ಬುಟ್ಟಿ, ರಟ್ಟು, ಶೂ ಲೇಸು ಇಟ್ಟುಕೊಂಡು ಬಚ್ಚಲಿನಲ್ಲಿ ಕೂತಿದ್ದಾಳೆ. ಟ್ಯಾಂಕಿನ ನೀರು ಅರ್ಧಕ್ಕೆ ಇಳಿದಿದೆ. ಅವರಮ್ಮ ಎರಡು ಸಲ ಬಾಗಿಲು ಬಡಿದು ಬಂದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ಒಳಗೆ ಹೋಗದೆ.