ಕಣ್ಣಾರೆ ನೋಡಿ ಪರೀಕ್ಷಿಸಲಾಗಿದೆ

ನಮ್ಮ ಕಡೆಯ ಒಂದು ಸ್ಥಳೀಯ ಸಂಸ್ಥೆಯ ವೆಬ್‌ಸೈಟಿನ ಬಲಮೂಲೆಯಲ್ಲಿ, ಅಂಗವಿಕಲರ ಅನುಕೂಲಕ್ಕೆ ಅಂತ, ಗಾಲಿಕುರ್ಚಿಯ ಚಿತ್ರ ಇದೆ. ನೀಲಿ ಬಣ್ಣ, ಚೆಂದ ಇದೆ. ಒತ್ತಿದರೆ ಏನೂ ಆಗುವುದಿಲ್ಲ. ಸಂಸ್ಥೆ ಯಾವುದು, ಘಟ್ಟದ ಮೇಲಿನದೋ ಕೆಳಗಿನದೋ ಅಂತ ಕೇಳಬೇಡಿ. ನನ್ನದೂ ಅಲ್ಲಿ ಒಂದು ಖಾತಾ ಬದಲಾವಣೆಯ ಅರ್ಜಿ ಬಿದ್ದುಕೊಂಡಿದೆ.

ಗಾಲಿಕುರ್ಚಿಯ ಪಕ್ಕ ಮೂರು ‘ಎ’ಗಳಿವೆ. ಎ ಮೈನಸ್, ಎ, ಎ ಪ್ಲಸ್. ಮದುವೆ ಮನೆಗೆ ಬಾಳೆಕಂಬ ಇದ್ದ ಹಾಗೆ ಸರ್ಕಾರಿ ವೆಬ್‌ಸೈಟಿಗೆ ಇವು. ಮೊದಮೊದಲು ಎ ಪ್ಲಸ್ ಒತ್ತಿದರೆ ಅಕ್ಷರ ನಿಜವಾಗಿಯೂ ದೊಡ್ಡದಾಗುತ್ತಿತ್ತಂತೆ. ಒಂದು ದಿನ ‘ಸುಸ್ವಾಗತ’ ದೊಡ್ಡದಾಗುತ್ತಾ ಹೋಗಿ ಪಕ್ಕದಲ್ಲಿದ್ದ ಮಾನ್ಯರ ಮುಖದ ಮೇಲೆ ಕೂತುಬಿಟ್ಟಿತು. ಅವತ್ತಿನಿಂದ ಯಾವ ಎ ಒತ್ತಿದರೂ ಅಕ್ಷರದ ಗಾತ್ರ ಒಂದೇ. ಸಮಾನತೆ ಅಂದರೆ ಇದೇ ಅಲ್ವಾ?

ಇದೆಲ್ಲ ನನಗೆ ಗೊತ್ತಾಗಿದ್ದು ಅಪ್ಪಚ್ಚಿಯಿಂದ, ಅಂದರೆ ನನ್ನ ಚಿಕ್ಕಪ್ಪನಿಂದ. ಅವರು ಮಾಸ್ತರಿಕೆ ಮಾಡಿ ನಿವೃತ್ತರಾದವರು. ಗ್ಲುಕೋಮಾ ಬಂದು ಎರಡೂ ಕಣ್ಣು ಹೋಯಿತು. ಓದುವ ಚಟ ಹೋಗಲಿಲ್ಲ. ಲ್ಯಾಪ್‌ಟಾಪಿಗೆ ಎನ್‌ವಿಡಿಎ ಹಾಕಿಸಿಕೊಂಡಿದ್ದಾರೆ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ಪುಕ್ಕಟೆ ಸಿಗುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಒಬ್ಬ ದೃಷ್ಟಿ ಇಲ್ಲದ ಹುಡುಗ ಶುರು ಮಾಡಿದ, ಅವನಂಥವನೇ ಇನ್ನೊಬ್ಬ ಗೆಳೆಯ ಕೈಜೋಡಿಸಿದ. ಅದು ಓದುವ ವೇಗಕ್ಕೆ ನಮಗೆ ಕಾರವಾರದ ಮೀನು ಪೇಟೆಯಲ್ಲಿ ಹರಾಜು ಕೂಗಿದ ಹಾಗೆ ಕೇಳಿಸುತ್ತದೆ, ಒಂದಕ್ಷರ ತಿಳಿಯುವುದಿಲ್ಲ. ಅಪ್ಪಚ್ಚಿ ಮಾತ್ರ ಕವಳ ಹಾಕಿಕೊಂಡು ಆರಾಮಾಗಿ ಕೇಳುತ್ತಾ, ನಡುನಡುವೆ ವ್ಯಾಕರಣ ತಪ್ಪು ಹುಡುಕುತ್ತಾರೆ.

ಏಪ್ರಿಲ್‌ನಲ್ಲೇ ಮನೆ ಕರ ಕಟ್ಟಿದರೆ ಶೇ. 5 ರಿಯಾಯಿತಿ. ಐದು ರೂಪಾಯಿ ಬಿಡುವ ಜನ ನಾವಲ್ಲ, ಇನ್ನು ಶೇಕಡಾ ಐದು ಬಿಡ್ತೀವಾ? ಒಂದು ಬೆಳಿಗ್ಗೆ ಅಪ್ಪಚ್ಚಿ ಆಸರಿ ಕುಡಿದು ಕೂತರು. ವೆಬ್‌ಸೈಟು ತೆರೆಯಿತು. ಯಂತ್ರ ಓದತೊಡಗಿತು: “ಗ್ರಾಫಿಕ್. ಐಎಂಜಿ ಅಂಡರ್‌ಸ್ಕೋರ್ 0047 ಫೈನಲ್ ಫೈನಲ್.”

ಅದು ಮಾನ್ಯರ ಫೋಟೋ. ಚಿತ್ರದ ಹಿಂದೆ ‘ಇದು ಇಂಥವರ ಫೋಟೋ’ ಅಂತ ಒಂದು ಸಾಲು ಬರೆದಿಟ್ಟಿದ್ದರೆ ಯಂತ್ರ ಅದನ್ನೇ ಓದುತ್ತಿತ್ತು. ಬರೆಯದೆ ಬಿಟ್ಟರೆ ಎಷ್ಟೋ ಸಲ ಫೈಲಿನ ಹೆಸರನ್ನೇ ಓದಿಬಿಡುತ್ತದೆ. ಹಾಗಾಗಿ ಊರಿನ ಕಣ್ಣು ಕಾಣದವರ ಮಟ್ಟಿಗೆ ಮಾನ್ಯರ ಹೆಸರು ಫೈನಲ್ ಫೈನಲ್. ಚುನಾವಣೆ ಹತ್ತಿರ ಬಂದಾಗ ಇದನ್ನು ಯಾರಾದರೂ ಅವರ ಕಿವಿಗೆ ಹಾಕಿದರೆ ಒಂದೇ ರಾತ್ರಿಯಲ್ಲಿ ರಿಪೇರಿ ಆದೀತು.

ಮುಂದೆ, “ಬಟನ್. ಬಟನ್. ಬಟನ್. ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ.” ಎಲ್ಲಿ? ಯಾತಕ್ಕೆ? ಒಂದನ್ನು ಒತ್ತಿದರೆ ಜನನ ಪ್ರಮಾಣಪತ್ರ, ಇನ್ನೊಂದನ್ನು ಒತ್ತಿದರೆ ಮರಣದ್ದು. ನಡುವೆ ಕರ ಕಟ್ಟುವ ಜಾಗ ಸಿಗಲಿಲ್ಲ. ಒಟ್ಟಿನಲ್ಲಿ ಬದುಕೂ ಹಾಗೇ ಅನ್ನಿ.

ಕೊನೆಗೆ ಕರದ ದರಪಟ್ಟಿಯ ಪಿಡಿಎಫ್ ಸಿಕ್ಕಿತು. ತೆರೆದರು. ಎರಡೇ ನಿಮಿಷಕ್ಕೆ ನನ್ನನ್ನು ಕೂಗಿದರು.

“ತಮಾ, ಬ್ರಿಟಿಷರು ವಾಪಸ್ ಬಂದ್ವನೋ? ಬರೀ ಪೌಂಡು ಪೌಂಡು ಹೇಳ್ತಾ ಇದ್ದು!”

ಹೋಗಿ ಕೇಳಿದೆ. ಹೌದು. “ಪೌಂಡ್ ಎ ಯು ಎ ಜಿ ಎ.” ಪರದೆ ನೋಡಿದರೆ ಅಲ್ಲಿದ್ದದ್ದು ‘ನಗರ’. ಪಟ್ಟಿಯನ್ನು ಟೈಪ್ ಮಾಡಿದ್ದು ಯುನಿಕೋಡಿಗಿಂತ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕಿಂತ, ಮುಂಚಿನ ಹಳೆಯ ನುಡಿ ಫಾಂಟಿನಲ್ಲಿ. ಅದರಲ್ಲಿ ನಮ್ಮ ‘ನ’ ಕೂತಿರುವುದು ಪೌಂಡ್ ಚಿಹ್ನೆಯ ಜಾಗದಲ್ಲಿ. ಕಣ್ಣಿಗೆ ಕಾಣುವುದು ಅಚ್ಚ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯಂತ್ರ ಪಾಪ, ಒಳಗೆ ಇದ್ದದ್ದನ್ನು ಇದ್ದ ಹಾಗೆ ಓದುತ್ತದೆ. ಕಚೇರಿಯಲ್ಲಿ ಕನ್ನಡ ಕಡ್ಡಾಯ ಅಂತ ಗೋಡೆಗೆ ಬೋರ್ಡು ಹಾಕಿದವರ ಕಡತದಲ್ಲಿ ಕನ್ನಡವೇ ಇಲ್ಲ!

ಆದರೂ ಮಾಸ್ತರರು ಬಿಡಲಿಲ್ಲ. ಕಳೆದ ವರ್ಷದ ರಸೀದಿಯ ಲೆಕ್ಕ ಹಿಡಿದು ಕರ ಕಟ್ಟುವ ಪುಟಕ್ಕೆ ಹೋದರು. ಅಲ್ಲಿ ಕ್ಯಾಪ್ಚಾ. ಐದಕ್ಷರ, ಗಾಳಿಗೆ ಸಿಕ್ಕ ಅಡಿಕೆ ಮರದ ಹಾಗೆ ಒಂದೊಂದು ಒಂದೊಂದು ಕಡೆ ವಾಲಿಕೊಂಡು. ಕೇಳಿಸಿಕೊಂಡು ಬರೆಯುವ ದಾರಿ ಇಲ್ಲ. ನೀವು ಯಂತ್ರವಲ್ಲ ಅಂತ ಸಾಬೀತು ಮಾಡಿ, ಅದೂ ಕಣ್ಣಿನಿಂದಲೇ ಮಾಡಿ ಅಂತ. ನಾನು ಮಾಡಿಕೊಡುತ್ತೇನೆ ಅಂದೆ. ಸೊನ್ನೆಯೋ ‘ಓ’ನೋ ತಿಳಿಯದೆ ಮೂರು ಸಲ ತಪ್ಪಿದೆ. ಆಮೇಲೆ ‘ನಿಮ್ಮ ಅವಧಿ ಮುಗಿದಿದೆ’ ಅಂತ ಬಂತು. ಎಪ್ಪತ್ತು ದಾಟಿದವರ ಎದುರು ಹೇಳುವ ಮಾತಾ ಅದು?

ಸರಿ, ಕಚೇರಿಗೇ ಹೋದೆವು. ರ‍್ಯಾಂಪ್ ಇದೆ, ಸುಳ್ಳು ಹೇಳಬಾರದು. ಸಿಬ್ಬಂದಿಯ ಬೈಕುಗಳು ಅದರ ಮೇಲೆ ಆರಾಮಾಗಿ ಹತ್ತುತ್ತವೆ.

“ಬನ್ನಿ ಮಾಸ್ತರ್ರೇ, ಕೂತ್ಕೊಳ್ಳಿ. ನೀವ್ಯಾಕೆ ಬರೋಕೆ ಹೋದ್ರಿ? ಆನ್‌ಲೈನ್ ಮಾಡಿದ್ದೇ ನಿಮ್ಮಂಥವರಿಗೆ ತ್ರಾಸು ಆಗಬಾರದು ಅಂತ.”

“ಅದರಲ್ಲಿ ಆಗ್ಲಿಲ್ಲ, ಅದಕ್ಕೇ ಬಂದೆ.”

“ಇಲ್ಲಿ ಆಗಲ್ವಲ್ಲ, ಈಗ ಎಲ್ಲಾ ಆನ್‌ಲೈನೇ. ಮನೇಲಿ ಕಣ್ಣು ಕಾಣೋರು ಯಾರೂ ಇಲ್ವಾ?”

ಹೀಗಂದ ಅಧಿಕಾರಿ ಒಳ್ಳೆಯ ಮನುಷ್ಯ. ಚಹಾ ತರಿಸಿದರು. ಅಪ್ಪಚ್ಚಿ ಚಹಾ ಕುಡಿಯುತ್ತಾ ಪಾಠ ಶುರು ಮಾಡಿದರು. ಸರ್ಕಾರಿ ವೆಬ್‌ಸೈಟು ಹೇಗಿರಬೇಕು ಅಂತ ಕೇಂದ್ರದ ಮಾರ್ಗಸೂಚಿ 2009ರಲ್ಲೇ ಬಂದಿದೆ, 2023ರಲ್ಲಿ ಮೂರನೆಯ ಆವೃತ್ತಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟುಕಬೇಕು, ಅದು ಜೀವಿಸುವ ಹಕ್ಕಿನ ಭಾಗವೇ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಆ್ಯಸಿಡ್ ದಾಳಿಗೆ ತುತ್ತಾದವರಿಗೆ ‘ಕಣ್ಣು ಮಿಟುಕಿಸಿ’ ಎನ್ನುವ ಬ್ಯಾಂಕಿನ ಪರೀಕ್ಷೆಯೂ ಆ ಪ್ರಕರಣದಲ್ಲಿತ್ತು.

ಅವರು ಎಲ್ಲ ಕೇಳಿಸಿಕೊಂಡರು. “ಅದು ಮಾರ್ಗಸೂಚಿ ಅಲ್ವಾ ಮಾಸ್ತರ್ರೇ” ಅಂದರು.

ದೇವಿಮನೆ ಘಟ್ಟದಲ್ಲೂ ಮಾರ್ಗಸೂಚಿಗಳಿವೆ. ‘ನಿಧಾನವಾಗಿ ಚಲಿಸಿ’ ಅಂತ. ಓದಿಕೊಂಡೇ ಜೋರು ಓಡಿಸುತ್ತಾರೆ.

“ಮತ್ತೆ, ನಮ್ಮ ಸೈಟು ಪರೀಕ್ಷೆ ಆಗಿದೆ” ಅಂತ ಅವರು ಕಡತ ತೆಗೆದರು. ಅದರಲ್ಲಿ ಒಂದು ಪಟ್ಟಿ. ದೃಷ್ಟಿ ಇಲ್ಲದವರು ಬಳಸಬಹುದೇ? ಹೌದು. ಕೀಬೋರ್ಡಿನಿಂದಲೇ ಎಲ್ಲ ಮಾಡಬಹುದೇ? ಹೌದು. ಕೆಳಗೆ ಸಹಿ, ಸೀಲು. “ಬೇರೆಯವರನ್ನು ನಂಬಿಲ್ಲ. ನಾನೇ ಖುದ್ದಾಗಿ ಕಣ್ಣಾರೆ ನೋಡಿ ಪರೀಕ್ಷೆ ಮಾಡಿದ್ದೇನೆ.”

ಅಪ್ಪಚ್ಚಿ ಚಹಾದ ಲೋಟ ಕೆಳಗಿಟ್ಟರು. ವ್ಯಾಕರಣ ತಪ್ಪಿರಲಿಲ್ಲ.

ನನಗೆ ಅನಿಸಿದ್ದು, ಈ ಕೆಲಸದ ದೊಡ್ಡ ತೊಂದರೆ ಖರ್ಚು ಅಲ್ಲ. ಖರ್ಚೇ ಇಲ್ಲದಿರುವುದು. ಬಟನ್ನಿಗೆ ಹೆಸರು ಕೊಡಬೇಕು, ಯುನಿಕೋಡಿನಲ್ಲಿ ಟೈಪ್ ಮಾಡಬೇಕು, ಕ್ಯಾಪ್ಚಾ ಬದಲು ಮೊಬೈಲಿಗೆ ಒಟಿಪಿ ಕಳಿಸಬೇಕು. ಟೆಂಡರ್ ಕರೆಯುವಂಥದ್ದು ಏನಿದೆ ಇದರಲ್ಲಿ? ಯಾರಿಗೆ ಆಸಕ್ತಿ ಬರಬೇಕು? ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗೆ ಶೇ. 5 ಅನುದಾನ ಎತ್ತಿಡಬೇಕು ಅಂತಲೂ ನಿಯಮ ಇದೆ. ಇಲ್ಲಿ ಎತ್ತಿಟ್ಟಿದ್ದಾರೆ. ಅದಕ್ಕೆ ಅರ್ಜಿ ಕರೆದ ಪ್ರಕಟಣೆಯನ್ನು ಅಪ್ಪಚ್ಚಿಯ ಯಂತ್ರ ಒಂದೇ ಮಾತಿನಲ್ಲಿ ಓದಿ ಮುಗಿಸಿತು: “ಗ್ರಾಫಿಕ್.”

ಮಳೆಗಾಲದಲ್ಲಿ ಇದು ನಗುವ ವಿಷಯವೂ ಅಲ್ಲ. ಕದ್ರಾ ಅಣೆಕಟ್ಟೆಯಿಂದ ನೀರು ಬಿಡ್ತಾರೆ, ಕಾಳಿ ನದಿ ದಂಡೆಯವರು ಎಚ್ಚರ ಅಂತ ವಾಟ್ಸಾಪಿನಲ್ಲಿ ಓಡಾಡುವುದು ಎಂಥದ್ದು? ಸಹಿ, ಸೀಲು ಸಮೇತ ಒಂದು ಕಾಗದದ ಫೋಟೋ. ಅದೇ ಎರಡು ಸಾಲನ್ನು ಕೆಳಗೆ ಟೈಪ್ ಮಾಡಿದರೆ ಫೋನೇ ಓದಿ ಹೇಳುತ್ತದೆ. ಆದರೆ ಟೈಪ್ ಮಾಡಿದ್ದಕ್ಕೆ ಸೀಲು ಹೊಡೆಯಲು ಬರುವುದಿಲ್ಲವಲ್ಲ. ಸೀಲಿಲ್ಲದ ಪ್ರವಾಹವನ್ನು ಒಪ್ಪಿಕೊಳ್ಳುವುದು ಹೇಗೆ?

ಅಪ್ಪಚ್ಚಿ ಲಿಖಿತ ದೂರು ಕೊಟ್ಟರು. ಕರವನ್ನು ಪೇಟೆಯ ಕಂಪ್ಯೂಟರ್ ಅಂಗಡಿಯ ಹುಡುಗ ಕಟ್ಟಿಕೊಟ್ಟ. ರಿಯಾಯಿತಿಯಲ್ಲಿ ಉಳಿದಿದ್ದು ಅವನ ಚಾರ್ಜಿಗೂ ರಿಕ್ಷಾಕ್ಕೂ ಸರಿಹೋಯಿತು.

ತಿಂಗಳೊಳಗೆ ಉತ್ತರ ಬಂತು, ಈ ವೇಗವನ್ನು ಮೆಚ್ಚಲೇಬೇಕು. ‘ತಮ್ಮ ದೂರನ್ನು ಪರಿಶೀಲಿಸಿ ವಿಲೇವಾರಿ ಮಾಡಲಾಗಿದೆ. ಅಕ್ಷರಗಳನ್ನು ದೊಡ್ಡದು ಮಾಡಲಾಗಿದೆ. ಪುರಾವೆಗೆ ಫೋಟೋ ಲಗತ್ತಿಸಿದೆ, ನೋಡಿಕೊಳ್ಳುವುದು.’

“ಫೋಟೋದಲ್ಲಿ ಎಂತ ಇದ್ದು ತಮಾ?”

ತೆರೆದೆ. ಕಚೇರಿಯ ಕಂಪ್ಯೂಟರಿನ ಪರದೆಯನ್ನು ಯಾರೋ ಮೊಬೈಲಿನಲ್ಲಿ ತೆಗೆದಿದ್ದರು. ಫ್ಲ್ಯಾಶ್ ಹಾಕಿ ತೆಗೆದಿದ್ದರು. ಅದು ಪರದೆಗೆ ಬಡಿದು, ನಡುವೆ ಬೆಳ್ಳಗೆ ಒಂದು ದೊಡ್ಡ ಗೋಳ. ಮೂಲೆಯಲ್ಲಿ ನೀಲಿ ಗಾಲಿಕುರ್ಚಿ ಅರ್ಧ. ಹಿಗ್ಗಿಸಿ ನೋಡಿದೆ, ತಿರುಗಿಸಿ ನೋಡಿದೆ.

“ಎಂತೂ ಕಾಣ್ತಿಲ್ಲೆ ಅಪ್ಪಚ್ಚಿ. ಬರೀ ಬೆಳಕು.”

“ಹಂಗಾರೆ ನಿಂಗೂ ಕಾಣ್ತಿಲ್ಲೆ,” ಅಂದವರೇ ಕವಳದ ತಟ್ಟೆಗೆ ಕೈಚಾಚಿದರು. “ತಡೆ, ನಿನ್ನ ಹೆಸರಲ್ಲೂ ಒಂದು ದೂರು ಬರೆಯನ.”