ಪಂಪಿನ ಪಾಳಿ ಪುಸ್ತಕ

ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿ ನಮ್ಮ ಟ್ರಾನ್ಸ್‌ಫಾರ್ಮರ್ ಇದೆ. ತಾಕತ್ತು ನೂರು ಕೆವಿಎ. ಒಂದು ಕಂಬಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಯಾರೂ ನೆಟ್ಟದ್ದಲ್ಲ, ಅದೇ ಹತ್ತಿದ್ದು ಅಂತ ಪಕ್ಕದ ತೋಟದವರ ವಾದ. ಕೊಯ್ಯುವುದು ಮಾತ್ರ ಅವರೇ. ಟ್ರಾನ್ಸ್‌ಫಾರ್ಮರ್ ಕೂರಿಸಿದಾಗ ಅದರ ಕೆಳಗೆ ಐದಾರು ಪಂಪು, ಹತ್ತಿಪ್ಪತ್ತು ಮನೆ ಇದ್ದವು. ಈಗ ಎಷ್ಟಿವೆ ಎಂದು ಲೆಕ್ಕ ಹಾಕಲು ಲೈನ್‌ಮ್ಯಾನಿಗೂ ಧೈರ್ಯವಿಲ್ಲ.

ಫೆಬ್ರವರಿ ಬಂತೆಂದರೆ ಅಡಿಕೆಗೆ ನೀರು ಬಿಡಬೇಕು. ಸಂಜೆ ಹೊತ್ತು ಐದು ಹೆಚ್‌ಪಿ ಪಂಪಿನ ಸ್ವಿಚ್ಚು ಒತ್ತಿದರೆ ಅದು ಒಮ್ಮೆ ಗುರ್ ಎಂದು ಮಲಗುತ್ತದೆ. ವೋಲ್ಟೇಜು ಇಲ್ಲ. ಹಟ ಹಿಡಿದರೆ ವೈಂಡಿಂಗ್ ಸುಡುತ್ತದೆ. ಹಾಗಾಗಿ ನೆರೆಕರೆಯವರು ಸೇರಿ ಒಂದು ಪಾಳಿ ಪುಸ್ತಕ ಮಾಡಿದ್ದೇವೆ. ಇನ್ನೂರು ಪುಟದ್ದು, ಮಕ್ಕಳ ಹಳೆಯ ಗಣಿತದ ನೋಟ್ಸು. ಸೋಮವಾರ ರಾತ್ರಿ 11ರಿಂದ 1 ನನ್ನದು. 1ರಿಂದ 3 ಆಚೆಮನೆ ಭಾವನದ್ದು. ನೀರು ಚಿಮ್ಮುವ ಜೆಟ್ಟು ತಿರುಗುವ ಸದ್ದು ಕೇಳಿದ ಮೇಲೆಯೇ ನಮಗೆ ನಿದ್ದೆ.

ಇನ್ನೊಂದು ಟ್ರಾನ್ಸ್‌ಫಾರ್ಮರ್ ಕೊಡಿ ಎಂದು ಅರ್ಜಿ ಹಾಕಿ ಇದು ಆರನೇ ಬೇಸಿಗೆ. ಲೈನ್‌ಮ್ಯಾನ್ ಚೇಟ (ಮಲಯಾಳದಲ್ಲಿ ಅಣ್ಣ) ಪಾಪದ ಮನುಷ್ಯ. ಕೇಳಿದಾಗೆಲ್ಲ ಅವರದ್ದು ಒಂದೇ ಮಾತು, "ಸಾಧನಂ ವರಂಡೇ?" ಸಾಮಾನು ಬರಬೇಡ್ವಾ ಅಂತ.

ಸಾಮಾನು ಎಲ್ಲಿಗೆ ಹೋಗುತ್ತಿದೆ ಎಂದು ಹೇಳಿದವನು ಅಳಿಯ. ಬೆಂಗಳೂರಿನಲ್ಲಿ ಡೇಟಾ ಸೆಂಟರಿನಲ್ಲಿ, ಅಂದರೆ ಹಗಲುರಾತ್ರಿ ಓಡುವ ಕಂಪ್ಯೂಟರುಗಳ ದೊಡ್ಡ ಕೊಟ್ಟಿಗೆಯಲ್ಲಿ ಕೆಲಸ. "ಮಾವ, ನಮ್ಮಂಥ ಡೇಟಾ ಸೆಂಟರಿನವರೂ ಸಾಲಿನಲ್ಲಿದ್ದಾರೆ. ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಅಮೆರಿಕದಲ್ಲೇ ಎರಡು ಮೂರು ವರ್ಷ ಕಾಯಬೇಕು" ಎಂದ. ನನಗೆ ಒಳಗೊಳಗೇ ಖುಷಿಯಾಯಿತು. ಅಂತೂ ಅಮೆರಿಕ ನಮ್ಮ ಎಣ್ಮಕಜೆ ಪಂಚಾಯತಿನ ಮಟ್ಟಕ್ಕೆ ಬಂತಲ್ಲ! ಅವರದ್ದಕ್ಕೂ ನಮ್ಮದಕ್ಕೂ ಗಾತ್ರದಲ್ಲಿ ಆನೆಗೂ ಆಡಿಗೂ ಇರುವಷ್ಟು ಅಂತರ, ಒಪ್ಪಿದೆ. ಆದರೆ ಹೊಟ್ಟೆಯೊಳಗೆ ಇರುವುದು ಅದೇ ಸುರುಳಿ, ಅದೇ ಸಿಲಿಕಾನ್ ಉಕ್ಕಿನ ತಗಡು, ಅದೇ ಎಣ್ಣೆ.

ಅವನು ಹೇಳಿದ ಲೆಕ್ಕಗಳೂ ಹಾಗೇ ಇವೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಸುಮಾರು 41,500 ಕೋಟಿ ಯೂನಿಟ್ ಕರೆಂಟು ತಿಂದಿವೆ. 2030ಕ್ಕೆ ಅದು 94,500 ಕೋಟಿ ಆದೀತಂತೆ. ಇಡೀ ಜಪಾನ್ ಈಗ ಉರಿಸುವುದಕ್ಕಿಂತ ತುಸು ಜಾಸ್ತಿ. ವಿಶಾಖಪಟ್ಟಣದಲ್ಲಿ ಗೂಗಲ್ ಕಟ್ಟುತ್ತೇನೆಂದು 2025ರ ಅಕ್ಟೋಬರಿನಲ್ಲಿ ಹೇಳಿದ್ದು ಒಂದು ಗಿಗಾವ್ಯಾಟಿನದ್ದು, ಅಂದರೆ ಸಾವಿರ ಮೆಗಾವ್ಯಾಟ್. ಕೇರಳದವರು ಎದೆ ತಟ್ಟಿ ಹೇಳುವ ಇಡುಕ್ಕಿ ಜಲವಿದ್ಯುತ್ ಸ್ಥಾವರದ ತಾಕತ್ತೇ 780 ಮೆಗಾವ್ಯಾಟ್. ಅಂದರೆ ಇಡುಕ್ಕಿಯ ನೀರನ್ನೆಲ್ಲ ಬಿಟ್ಟರೂ ಆ ಒಂದು ಜಾಗಕ್ಕೆ ಸಾಲದು. ನಮ್ಮಂಥ ನೂರು ಕೆವಿಎ ಡಬ್ಬಗಳಾದರೆ ಹತ್ತು ಸಾವಿರ ಬೇಕು. ನಾವು ಕೇಳಿದ್ದು ಒಂದು.

ನನಗೆ ತಲೆ ತಿರುಗಿದ್ದು ಇದಕ್ಕಲ್ಲ. ಅತ್ಯುತ್ತಮ ದರ್ಜೆಯ ಡೇಟಾ ಸೆಂಟರಿನಲ್ಲಿ ವರ್ಷದ ಶೇಕಡಾ 99.995 ಪಾಲು ಹೊತ್ತು ಎಲ್ಲವೂ ನಡೆಯುತ್ತಿರಬೇಕಂತೆ. ನಿಲ್ಲಲು ಅನುಮತಿ ಇರುವುದು ವರ್ಷಕ್ಕೆ ಸುಮಾರು 26 ನಿಮಿಷ. ಅದಕ್ಕಾಗಿ ಎರಡೆರಡು ಲೈನು, ಬ್ಯಾಟರಿ, ಸಾಲುಸಾಲು ಡೀಸೆಲ್ ಜನರೇಟರು. ನಮ್ಮಲ್ಲಿ ಆ 26 ನಿಮಿಷ ಜನವರಿ ಒಂದರಂದು ಬೆಳಗ್ಗೆ, ತೆಳ್ಳವಿನ ಕಾವಲಿ ಕಾಯುವ ಮೊದಲೇ ಖರ್ಚಾಗುತ್ತದೆ. ಉಳಿದ ವರ್ಷವೆಲ್ಲ ಸಾಲ. ಅಮೆರಿಕದಲ್ಲಿ 2019ರಲ್ಲಿ ಬಾಗಿಲು ಹಾಕಿದ್ದ ಅಣುಸ್ಥಾವರದ ಘಟಕವನ್ನು ಮೈಕ್ರೋಸಾಫ್ಟಿಗಾಗಿ ಮತ್ತೆ ತೆರೆಯುತ್ತೇವೆಂದು 2024ರಲ್ಲಿ ಒಪ್ಪಂದವೂ ಆಗಿದೆ. ನಮಗೆ ಶನಿವಾರ ಹೋದ ಫ್ಯೂಸು ಸೋಮವಾರ ಬಂದರೆ ಗಣಪತಿಗೆ ಕಾಯಿ.

ಇರಲಿ, ಆ ಡೇಟಾ ಸೆಂಟರುಗಳಲ್ಲಿ ಕೂತು ಇಷ್ಟು ಕರೆಂಟು ತಿನ್ನುವ, ಚಾಟ್‌ಜಿಪಿಟಿಯಂಥ ಎಐ ಯಂತ್ರದಿಂದ ನಮಗೂ ಏನಾದರೂ ಆಗಲಿ ಅಂತ ಏಳನೇ ಅರ್ಜಿ ಅದರ ಕೈಯಲ್ಲೇ ಬರೆಸಿದೆ. ನನಗೆ ಬಸ್ಸಿನಲ್ಲಿ ಜಗಳ ಮಾಡುವಷ್ಟು ಮಲಯಾಳ ಬರುತ್ತದೆ, ಅರ್ಜಿ ಬರೆಯುವಷ್ಟು ಇಲ್ಲ. ಯಂತ್ರ ಹತ್ತು ಸೆಕೆಂಡಿನಲ್ಲಿ ಬರೆಯಿತು. ಓದಿದ ಲೈನ್‌ಮ್ಯಾನ್ ಚೇಟ ಕಣ್ಣು ಒರೆಸಿಕೊಂಡರು.

ಮೂರು ವಾರದಲ್ಲಿ ಆಫೀಸಿನಿಂದ ಉತ್ತರ ಬಂತು. ಕನ್ನಡದಲ್ಲಿ! ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮ ಹಿರಿಯರು ಕನ್ನಡದಲ್ಲಿ ಉತ್ತರ ಕೊಡಿ ಎಂದು ಕೇಳಿ ಕೇಳಿ ಗಂಟಲು ಒಣಗಿಸಿಕೊಂಡವರು. ಒಂದು ಕಾಗುಣಿತದ ತಪ್ಪಿಲ್ಲ. "ತಮ್ಮ ಅಮೂಲ್ಯ ಸಹನೆಗೆ ನಾವು ಚಿರಋಣಿಗಳು" ಎಂದಿತ್ತು. ಭಾವ ಜೋರಾಗಿ ಓದುತ್ತ ಹೋದ. ಕೊನೆಯ ಸಾಲು ಹೀಗಿತ್ತು: "ಈ ಪತ್ರವನ್ನು ಇನ್ನಷ್ಟು ವಿನಯದಿಂದ ಬರೆದುಕೊಡಬೇಕೇ?"

ಅರ್ಜಿ ಬರೆದದ್ದೂ ಯಂತ್ರ, ಉತ್ತರಿಸಿದ್ದೂ ಯಂತ್ರ. ಎರಡೂ ಕ್ಷೇಮಸಮಾಚಾರ ಮಾತಾಡಿಕೊಂಡವು. ಟ್ರಾನ್ಸ್‌ಫಾರ್ಮರ್ ಮಾತ್ರ ಬರಲಿಲ್ಲ.

ಭಾವನಿಗೆ ಸಿಟ್ಟು ಬಂತು. ಒಂದು ಪ್ರಶ್ನೆಗೆ ಎಷ್ಟು ಕರೆಂಟು ಖರ್ಚು ಅಂತ ಕೇಳಿದ. ಚಾಟ್‌ಜಿಪಿಟಿಯ ಯಜಮಾನ ಸ್ಯಾಮ್ ಆಲ್ಟ್‌ಮನ್ 2025ರಲ್ಲಿ ಹೇಳಿದ್ದು ಸರಾಸರಿ 0.34 ವ್ಯಾಟ್ ಅವರ್. ಭಾವ ಪಾಳಿ ಪುಸ್ತಕದ ಹಿಂದಿನ ಪುಟದಲ್ಲೇ ಗುಣಿಸಿದ. ನನ್ನ ಎರಡು ಗಂಟೆಯ ಪಾಳಿಯ ಕರೆಂಟಿಗೆ ಸುಮಾರು 22 ಸಾವಿರ ಪ್ರಶ್ನೆ! "ಅಷ್ಟು ಸಂಶಯ ಯಾರಿಗುಂಟು ಮಾರಾಯ?" ಎಂದ. ಈ ಲೆಕ್ಕದಲ್ಲಿ ಹೊಟ್ಟೆಬಾಕ ನನ್ನ ಪಂಪೇ, ಒಪ್ಪಬೇಕು. ಆದರೆ ನನ್ನ ಪಂಪು ಒಂದು. ಸಂಶಯದ ಜನ ಕೋಟಿಗಟ್ಟಲೆ. ಅದರ ಮೇಲೆ ಯಂತ್ರಕ್ಕೆ ಜನ ಪ್ಲೀಸ್, ಥ್ಯಾಂಕ್ಸ್ ಹೇಳುವುದಕ್ಕೇ ಕೋಟ್ಯಂತರ ಡಾಲರ್ ಖರ್ಚು ಬೀಳುತ್ತದೆ ಎಂದೂ ಅದೇ ಯಜಮಾನ ಹೇಳಿದ್ದರು. ಅಂದಿನಿಂದ ನಾನು ಅದರ ಹತ್ತಿರ ಸ್ವಲ್ಪ ಒರಟಾಗಿಯೇ ಮಾತಾಡುತ್ತೇನೆ.

ಇನ್ನೊಂದು ಗುಟ್ಟು. ನಮ್ಮ ಗುಡ್ಡದ ಸುರಂಗದಲ್ಲಿ ಒಂದು ಯೂನಿಟ್ ಕರೆಂಟಿಲ್ಲದೆ ತಣ್ಣನೆ ನೀರು ತಾನಾಗಿ ಹರಿದು ಬರುತ್ತದೆ. ಡೇಟಾ ಸೆಂಟರಿನವರು ಯಂತ್ರ ತಂಪು ಮಾಡಲು ನೀರು ಹುಡುಕುತ್ತಿದ್ದಾರಂತೆ. ದಯವಿಟ್ಟು ಯಾರೂ ಹೇಳಬೇಡಿ.

ನಿನ್ನೆ ಅಳಿಯನ ಫೋನು. ಏಪ್ರಿಲಿನಿಂದ ಎರಡು ತಿಂಗಳು ಊರಿನಿಂದಲೇ ಕೆಲಸ ಮಾಡುತ್ತಾನಂತೆ. "ಮಾವ, ಒಂದು ಎಸಿ ಹಾಕಿಸಬಹುದಾ? ಎರಡು ಕಂಪ್ಯೂಟರು ಇರ್ತದೆ. ಕರೆಂಟು ಹೋಗ್ಲಿಕ್ಕೇ ಬಾರದು."

ಭಾವ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಮಾತಾಡದೆ ಪಾಳಿ ಪುಸ್ತಕ ಎಳೆದುಕೊಂಡ. ಹೊಸ ಗೆರೆ ಹಾಕಿ ಅಳಿಯನ ಹೆಸರು ಬರೆದ. ಬುಧವಾರ, ರಾತ್ರಿ 3ರಿಂದ 5.