ಸೂಜಿ ಚುಚ್ಚುವ ಮುನ್ನ ಒಂದು ಹನಿ ರಕ್ತ

ನಾನು ಚಿಕ್ಕಬಳ್ಳಾಪುರದ ಕಡೆಯವನು. ಒಂದೂವರೆ ಎಕರೆ ದ್ರಾಕ್ಷಿ, ಆರು ಸೀಮೆ ಹಸು. ದ್ರಾಕ್ಷಿಯ ವಿಷಯದಲ್ಲಿ ನಾವು ಬಲು ಚುರುಕು. ಕೊಯ್ಲಿಗೆ ಮೊದಲು ಒಂದು ಹಣ್ಣು ಹಿಂಡಿ, ರಸವನ್ನು ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ಸಿಹಿ ಎಷ್ಟಿದೆ ಎಂದು ನೋಡದೆ ವ್ಯಾಪಾರಿಗೆ ಫೋನ್ ಮಾಡುವುದಿಲ್ಲ. ಮಣ್ಣಿನ ಪರೀಕ್ಷೆ, ನೀರಿನ ಪರೀಕ್ಷೆ, ಎಲೆತೊಟ್ಟಿನ ಪರೀಕ್ಷೆ ಎಲ್ಲ ಗೊತ್ತು. ಅದೇ ನಾವು, ಸಾಲ ಮಾಡಿ ತಂದ ಹಸು ಮೇವು ಬಿಟ್ಟು ನಿಂತರೆ, ‘ಒಂದು ಸೂಜಿ ಹಾಕಿಬಿಡಿ ಸಾರ್’ ಎನ್ನುತ್ತೇವೆ. ಯಾವ ಸೂಜಿ, ಯಾತಕ್ಕೆ ಎಂದು ಕೇಳುವುದಿಲ್ಲ. ಸೂಜಿ ಹಾಕದೆ ಹೋದವರನ್ನು ಡಾಕ್ಟರ್ ಎಂದೇ ಒಪ್ಪುವುದಿಲ್ಲ.

ಹೀಗೆ ಸೂಜಿ ಹಾಕಿಸಿಯೇ ನಾನು ಒಂದು ಹಸುವನ್ನು ಕಳೆದುಕೊಂಡೆ. ಎರಡನೇ ಸೂಲಿನ ಹಸು, ದಿನಕ್ಕೆ ಹದಿನೆಂಟು ಲೀಟರ್ ಕೊಡುತ್ತಿತ್ತು. 106 ಡಿಗ್ರಿ ಜ್ವರ. ಐದು ದಿನ ಬೆಳಿಗ್ಗೆ ಸಂಜೆ ಒಬ್ಬರು ಬಂದು ಚುಚ್ಚಿದರು. ಜ್ವರ ಇಳಿಯುವುದು, ಏರುವುದು. ಐದನೆಯ ದಿನ ಅದರ ಕಣ್ಣಿನ ಒಳರೆಪ್ಪೆ ಕಾಗದದಷ್ಟು ಬಿಳಿಚಿಕೊಂಡಿತ್ತು. ಆರನೆಯ ದಿನ ಜೆಸಿಬಿ ಕರೆಸಿ ತೋಟದ ಮೂಲೆಯಲ್ಲಿ ಗುಂಡಿ ತೆಗೆಸಿದೆ. ಅವರ ಹೆಸರು ಹೇಳುವುದಿಲ್ಲ. ತಪ್ಪು ಅವರೊಬ್ಬರದಲ್ಲ, ದಿನಾ ಎರಡು ಹೊತ್ತು ಅವರ ಬೈಕಿನ ಸದ್ದಿಗೆ ಕಾದು ಕೂತವನು ನಾನೇ.

ಮರುವರ್ಷ ಬೇಸಿಗೆಯಲ್ಲಿ ಇನ್ನೊಂದಕ್ಕೆ ಅದೇ ಜ್ವರ. ಈ ಸಲ ಬಂದವರು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಡಾಕ್ಟರಮ್ಮ. ಚೀಲದಿಂದ ಸಿರಿಂಜ್ ತೆಗೆಯಲಿಲ್ಲ. ಮೊದಲು ಹಸುವಿನ ಭುಜದ ಮುಂದೆ ಕೈಯಾಡಿಸಿದರು. ‘ಇಲ್ಲಿ ಮುಟ್ಟಿ ನೋಡಿ ಅಣ್ಣ’ ಎಂದರು. ಚರ್ಮದ ಕೆಳಗೆ ಸಪೋಟಾ ಗಾತ್ರದ ಗಂಟು ಜಾರುತ್ತಿತ್ತು. ನಂತರ ‘ಕಿವಿ ಗಟ್ಟಿಯಾಗಿ ಹಿಡಿದುಕೊಳ್ಳಿ’ ಎಂದು, ಕಿವಿಯ ತುದಿಯನ್ನು ಒರೆಸಿ, ಸಣ್ಣಗೆ ಚುಚ್ಚಿ, ಉಕ್ಕಿದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡರು. ಇನ್ನೊಂದು ಗಾಜಿನ ಅಂಚಿನಿಂದ ದೋಸೆ ಹಿಟ್ಟು ಎಳೆಯುವ ಹಾಗೆ ಒಂದೇ ಎಳೆತಕ್ಕೆ ತೆಳ್ಳಗೆ ಹರಡಿದರು. ಗಂಟಿನಿಂದಲೂ ಸೂಜಿಯಲ್ಲಿ ಚೂರು ನೀರು ತೆಗೆದು ಮತ್ತೊಂದು ಗಾಜಿಗೆ ಬಳಿದರು. ಸಂಜೆ ಫೋನ್ ಬಂತು: ಥೈಲೇರಿಯಾ.

ಹೀಗೆ ನೋಡಲೇಬೇಕಾದುದಕ್ಕೆ ಕಾರಣವಿದೆ. ಹಸುವಿನ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರಗಳಲ್ಲಿ ನಮ್ಮ ಕೊಟ್ಟಿಗೆಗೆ ಮುಖ್ಯವಾದವು ಮೂರು: ಥೈಲೇರಿಯಾ, ಬೆಬೇಸಿಯಾ, ಅನಾಪ್ಲಾಸ್ಮಾ. ಮೂರರಲ್ಲೂ ಜ್ವರ, ಮೂರರಲ್ಲೂ ರಕ್ತ ಬತ್ತುವುದು, ಮೂರರಲ್ಲೂ ಹಾಲು ಇಳಿಯುವುದು. ಬೆಬೇಸಿಯಾದಲ್ಲಿ ಕಾಫಿ ಬಣ್ಣದ ಉಚ್ಚೆ ಕಾಣಿಸಿದರೆ ಸುಳಿವು ಸಿಗುತ್ತದೆ, ಪ್ರತಿ ಸಲ ಹಾಗೆ ಕಾಣಿಸುವುದಿಲ್ಲ. ಆದರೆ ಮದ್ದು ಮೂರಕ್ಕೂ ಬೇರೆ ಬೇರೆ. ಥೈಲೇರಿಯಾಕ್ಕೆ ಬ್ಯೂಪಾರ್ವಾಕ್ವೋನ್, ಬೆಬೇಸಿಯಾಕ್ಕೆ ಡೈಮಿನಾಜಿನ್, ಅನಾಪ್ಲಾಸ್ಮಾಕ್ಕೆ ಟೆಟ್ರಾಸೈಕ್ಲಿನ್. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು ಕೂತರೆ ದಿನಗಳು ಹೋಗುತ್ತವೆ, ದಿನಗಳ ಜೊತೆ ಹಸುವೂ ಹೋಗುತ್ತದೆ. ನನ್ನ ಮೊದಲ ಹಸುವಿಗೆ ಏನಾಗಿತ್ತು ಎಂದು ಈಗಲೂ ಖಚಿತವಾಗಿ ಹೇಳಲಾರೆ. ಅದರ ರಕ್ತವನ್ನು ಯಾರೂ ನೋಡಲೇ ಇಲ್ಲವಲ್ಲ.

ಥೈಲೇರಿಯಾದ ಪರಿ ಕೇಳಿ ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಉಣ್ಣೆಯ ಜೊಲ್ಲಿನಲ್ಲಿ ಬರುವ ಈ ಜೀವಿ ಮೊದಲು ಹೊಕ್ಕುವುದು ರೋಗದ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣದೊಳಕ್ಕೇ. ಒಳಗೆ ಕೂತು, ಆ ಕಣ ಒಂದೇ ಸಮನೆ ಒಡೆದು ಎರಡಾಗುವಂತೆ ಮಾಡುತ್ತದೆ. ಕಣ ಒಡೆದಾಗ ತಾನೂ ಪಾಲಾಗಿ ಎರಡೂ ಕಡೆ ಸೇರಿಕೊಳ್ಳುತ್ತದೆ. ಹೆಚ್ಚು ಕಡಿಮೆ ಕ್ಯಾನ್ಸರಿನ ನಡೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣದೊಳಗೆ ಕಾಣುವ ಅದರ ಗುಂಪಿಗೆ ‘ಕಾಕ್‌ನ ನೀಲಿ ಕಾಯ’ ಎನ್ನುತ್ತಾರೆ. ಕ್ಷಯದ ಸೂಕ್ಷ್ಮಾಣುವನ್ನು ಕಂಡುಹಿಡಿದ ರಾಬರ್ಟ್ ಕಾಕ್ ಹೆಸರು ಅದು. ಆಮೇಲೆ ಕೆಂಪು ಕಣಗಳ ಸರದಿ, ರಕ್ತ ಬತ್ತುವುದು ಆಗ. ನಾಟಿ ಹಸುಗಳು ಇದನ್ನು ಸಾಕಷ್ಟು ತಡೆದುಕೊಳ್ಳುತ್ತವೆ, ಸೀಮೆ ಹಸುಗಳಿಗೆ ಇದು ಯಮ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗೆ ಇರಬಾರದು, ನಮ್ಮದಕ್ಕೆ 5ಕ್ಕೆ ಇಳಿದಿತ್ತು. ಆದರೂ ಸರಿಯಾದ ಮದ್ದು ಬಿತ್ತು, ಉಳಿಯಿತು. ಹದಿನೈದು ದಿನ ಬಿಟ್ಟು ಮೆಲುಕು ಹಾಕುತ್ತಾ ಮಲಗಿದ್ದನ್ನು ಕಂಡು ನನ್ನ ಹೆಂಡತಿ ದೃಷ್ಟಿ ತೆಗೆದಳು. ಅದೂ ಇರಲಿ.

ಇದಾದ ಮೇಲೆ ನನಗೆ ರಕ್ತ ಪರೀಕ್ಷೆಯ ಹುಚ್ಚು ಹಿಡಿಯಿತು. ಚೆನ್ನಾಗಿಯೇ ಇದ್ದ ಇನ್ನೊಂದು ಹಸುವಿನ ರಕ್ತ ತೆಗೆಸಿ, ಪಟ್ಟಣದಲ್ಲಿ ಮನುಷ್ಯರಿಗೆ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೇ ಕೊಟ್ಟು ಬಂದೆ. ವರದಿಯಲ್ಲಿ ಲಿಂಫೋಸೈಟ್ (ಬಿಳಿ ರಕ್ತಕಣದ ಒಂದು ಬಗೆ) ನೂರಕ್ಕೆ 62 ಎಂದು ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಮೇಲ್ಮುಖ ಬಾಣ. ಫಾರ್ಮಸಿ ಓದುತ್ತಿರುವ ಅಕ್ಕನ ಮಗ ನೋಡಿ, ‘ಮಾವ, ಇದು ರಕ್ತದ ಕ್ಯಾನ್ಸರ್ ಇರಬಹುದು’ ಎಂದ. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ಅವರು ನಕ್ಕಿದ್ದೇ ನಕ್ಕಿದ್ದು. ಮನುಷ್ಯರಲ್ಲಿ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣ ಹೆಚ್ಚು, ಲಿಂಫೋಸೈಟ್ ಕಡಿಮೆ. ಹಸುವಿನಲ್ಲಿ ಅದು ತಿರುಗುಮುರುಗು. ಕಾಗದದಲ್ಲಿದ್ದ ಅಳತೆ ನನ್ನದು, ರಕ್ತ ಹಸುವಿನದು! ಅಷ್ಟೇ ಅಲ್ಲ, ನಮ್ಮ ದೇಹದಲ್ಲಿ ಉರಿಯೂತವಿದೆಯೇ ಎಂದು ನೋಡುವ ಸಿಆರ್‌ಪಿ ಪರೀಕ್ಷೆ ಹಸುವಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲವಂತೆ. ಅವುಗಳಲ್ಲಿ ಸುಳಿವು ಕೊಡುವುದು ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನ್. ಆರೋಗ್ಯವಾಗಿರುವ ಹಸುವಿನ ರಕ್ತದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕೆಚ್ಚಲು ಬಾವೋ ಗರ್ಭಕೋಶದ ಸೋಂಕೋ ಬಂದರೆ ಹತ್ತಾರು ಪಟ್ಟು ಏರಿಬಿಡುತ್ತದೆ. ಹಸು ಬಾಯಿ ಬಿಟ್ಟು ಹೇಳದ್ದನ್ನು ಹೇಳುವ ಪರೀಕ್ಷೆ. ನಮ್ಮ ತಾಲ್ಲೂಕಿನಲ್ಲಿ ಯಾರೂ ಮಾಡುವುದನ್ನು ನಾನು ಕಂಡಿಲ್ಲ.

ಸರ್ಕಾರದವರು ರಕ್ತ ಕೇಳಿಕೊಂಡು ಮನೆ ಬಾಗಿಲಿಗೆ ಬಂದಾಗ ನಾವು ಮಾಡುವುದನ್ನೂ ಹೇಳಬೇಕು. ಕಾಲುಬಾಯಿ ಜ್ವರಕ್ಕೆ ವರ್ಷಕ್ಕೆ ಎರಡು ಸಲ ಲಸಿಕೆ ಹಾಕುತ್ತಾರೆ, ಕೆಲವು ರಾಸುಗಳ ರಕ್ತ ತೆಗೆದುಕೊಂಡು ಹೋಗುತ್ತಾರೆ. ‘ರಕ್ತ ತೆಗೆದರೆ ಹಾಲು ಇಳಿಯುತ್ತದೆ’ ಎಂದು ನಮ್ಮ ಬೀದಿಯಲ್ಲಿ ಹಸು ಬಚ್ಚಿಟ್ಟವರಿದ್ದಾರೆ. ಸುಮಾರು 30 ಲೀಟರ್ ರಕ್ತವಿರುವ ಹಸುವಿನಿಂದ 5 ಮಿಲಿಲೀಟರ್ ತೆಗೆದರೆ ಯಾವ ಹಾಲು ಇಳಿಯುತ್ತದೆ ಸ್ವಾಮಿ? ಆ ರಕ್ತದಲ್ಲಿ ಎರಡು ಬಗೆಯ ಪ್ರತಿಕಾಯಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡಲು ದೇಹ ತಯಾರಿಸುವ ಪ್ರೋಟೀನುಗಳನ್ನು, ಹುಡುಕುತ್ತಾರೆ. ಒಂದು ಬಗೆಯದು ಲಸಿಕೆ ಹಾಕಿದರೂ ಬರುತ್ತದೆ, ರೋಗ ಬಂದರೂ ಬರುತ್ತದೆ. ಇನ್ನೊಂದು, ವೈರಾಣು ದೇಹದೊಳಗೆ ನಿಜವಾಗಿ ಬೆಳೆದಾಗ ಮಾತ್ರ ತಯಾರಾಗುವ ಪ್ರೋಟೀನುಗಳ ವಿರುದ್ಧ ಹುಟ್ಟುವಂಥದ್ದು. ಆ ಪ್ರೋಟೀನುಗಳನ್ನು ಲಸಿಕೆಯಿಂದ ಶುದ್ಧಿ ಮಾಡಿ ತೆಗೆದಿರುತ್ತಾರೆ. ಹಾಗಾಗಿ ಲಸಿಕೆ ಹಿಡಿಯಿತೇ, ರೋಗ ಊರಿನಲ್ಲಿ ಕಳ್ಳನಂತೆ ಓಡಾಡುತ್ತಿದೆಯೇ, ಎರಡೂ ತಿಳಿಯುತ್ತವೆ. ಹಸು ಬಚ್ಚಿಟ್ಟವರೇ ಮುಂದೆ ರೋಗ ಬಂದಾಗ ಲಸಿಕೆಯನ್ನು ಬೈಯುವುದು.

ವರದಿಯನ್ನೇ ದೇವರು ಎಂದುಕೊಳ್ಳಬಾರದು ಎಂಬುದೂ ನಿಜ. ಕಂದು ಹಾಕುವ ರೋಗಕ್ಕೆ, ಅಂದರೆ ಬ್ರುಸೆಲ್ಲಾಕ್ಕೆ, 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕುತ್ತಾರೆ. ಲಸಿಕೆಯ ಪ್ರತಿಕಾಯ ಕೆಲವು ಕರುಗಳಲ್ಲಿ ಬಹಳ ಕಾಲ ಉಳಿದು, ರೋಗವಿಲ್ಲದಿದ್ದರೂ ಪರೀಕ್ಷೆ ‘ಇದೆ’ ಎನ್ನಬಹುದು. ಲಸಿಕೆ ಹಾಕಿಸಿದ ದಾಖಲೆಯನ್ನು ಮುಂದಿಟ್ಟುಕೊಂಡೇ ವರದಿ ಓದಬೇಕು.

ಇಷ್ಟಕ್ಕೂ ನನ್ನ ತಕರಾರು ದೊಡ್ಡ ಸಂಸ್ಥೆಗಳ ಬಗ್ಗೆ ಅಲ್ಲ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಲಸಿಕೆ ತಯಾರಿಸುವ ಸಂಸ್ಥೆಯಿದೆ, ಯಲಹಂಕದಲ್ಲಿ ಪ್ರಾಣಿಗಳ ರೋಗ ಎಲ್ಲಿ ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುವ ಕೇಂದ್ರ ಸರ್ಕಾರದ ನಿವೇದಿ ಸಂಸ್ಥೆ ಇದೆ. ನಾನು ಬೆಂಗಳೂರಿಗೆ ದ್ರಾಕ್ಷಿ ಹಾಕಲು ಹೋಗುವ ದಾರಿಯ ಕಡೆಯೇ ಇವೆಲ್ಲ. ಇಲ್ಲದಿರುವುದು ಊರಿನ ಹತ್ತಿರ ಒಂದು ಸೂಕ್ಷ್ಮದರ್ಶಕ, ಒಂದು ಬಾಟಲಿ ಜೀಮ್ಸಾ ಬಣ್ಣ, ನೋಡಲು ಬರುವ ಒಬ್ಬರು. ಹಾಲಿನ ಕೊಬ್ಬು ಅಳೆಯಲು ಡೇರಿಯಲ್ಲಿ ದಿನಕ್ಕೆರಡು ಸಲ ಯಂತ್ರ ಓಡುತ್ತದೆ. ಆ ಹಾಲು ಕೊಟ್ಟ ಹಸುವಿನ ರಕ್ತ ನೋಡಲು ಜಿಲ್ಲಾ ಕೇಂದ್ರಕ್ಕೆ ಓಡಬೇಕು. ಡೇರಿಯ ಸಭೆಯಲ್ಲಿ ಇದನ್ನು ಎತ್ತಿದೆ. ಬೋನಸ್ ವಿಷಯ ಬಂದದ್ದರಿಂದ ಇದು ಮುಳುಗಿತು.

ಸರ್ಕಾರ ಕೊಡುವವರೆಗೆ ಕಾಯದೆ ಮಾಡಬಹುದಾದ ಒಂದು ಪರೀಕ್ಷೆಯನ್ನು ನಾನು ಕಲಿತೆ. ಹುಟ್ಟಿದ ಕರುವಿನ ರಕ್ತದಲ್ಲಿ ಪ್ರತಿಕಾಯವೇ ಇರುವುದಿಲ್ಲ ಎನ್ನಬೇಕು. ಮನುಷ್ಯರ ಹಾಗೆ ಹಸುವಿನಲ್ಲಿ ಅದು ಮಾಸಿನ ಮೂಲಕ ದಾಟಿ ಬರುವುದಿಲ್ಲ. ಬರುವುದೆಲ್ಲ ಗಿಣ್ಣು ಹಾಲಿನಿಂದ. ಕರುವಿನ ಕರುಳು ಅದನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಮೊದಲ 24 ಗಂಟೆ ಮಾತ್ರ, ಅದರಲ್ಲೂ ಮೊದಲ ಐದಾರು ಗಂಟೆ ಮುಖ್ಯ. ನಮ್ಮಲ್ಲೋ, ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಎಂಬ ಶಾಸ್ತ್ರ! ಬಿದ್ದ ಮೇಲೆ ಅರ್ಧ ಚೊಂಬು ಬೀದಿಗೆಲ್ಲ ಗಿಣ್ಣಾಗಿ ಹಂಚಿಹೋಗುತ್ತದೆ. ಏಲಕ್ಕಿ ಹಾಕಿದ ಗಿಣ್ಣು ನನಗೂ ಪ್ರಾಣ, ಸುಳ್ಳು ಹೇಳುವುದಿಲ್ಲ.

ಹೋದ ತಿಂಗಳು ನಮ್ಮ ಹಸು ರಾತ್ರಿ ಎರಡು ಗಂಟೆಗೆ ಹೆಣ್ಣು ಕರು ಹಾಕಿತು. ಅರ್ಧ ಗಂಟೆಯಲ್ಲಿ ಕರುವಿಗೆ ಎರಡು ಲೀಟರ್, ಬೆಳಗಾಗುವುದರೊಳಗೆ ಇನ್ನೆರಡು. ಮಾಸು ಬಿದ್ದದ್ದು ಆರು ಗಂಟೆಗೆ. ಎರಡನೆಯ ದಿನ ಡಾಕ್ಟರಮ್ಮ ಕರುವಿನ ಕುತ್ತಿಗೆಯಿಂದ ಚೂರು ರಕ್ತ ತೆಗೆದು ಕೊಳವೆಯಲ್ಲಿ ಕೊಟ್ಟರು. ಕಿಟಕಿಯ ಮೇಲೆ ನಿಲ್ಲಿಸಿಟ್ಟೆ. ಸಂಜೆಗೆ ರಕ್ತ ಹೆಪ್ಪುಗಟ್ಟಿ ಕೆಳಗೆ ಕೂತು, ಮೇಲೆ ಹುಲ್ಲಿನ ಬಣ್ಣದ ತಿಳಿ ನಿಂತಿತ್ತು. ಅದರ ಎರಡು ಹನಿಯನ್ನು ದ್ರಾಕ್ಷಿಯ ಬ್ರಿಕ್ಸ್ ಮೀಟರಿಗೇ ಬಿಟ್ಟು ಬೆಳಕಿಗೆ ಹಿಡಿದೆ. ರಸದಲ್ಲಿ ಸಿಹಿ ಹೆಚ್ಚಿದಂತೆ ಗೆರೆ ಏರುವ ಹಾಗೆ, ಈ ತಿಳಿಯಲ್ಲಿ ಪ್ರತಿಕಾಯ ಹೆಚ್ಚಿದಂತೆಯೂ ಗೆರೆ ಏರುತ್ತದೆ. 8.1ಕ್ಕಿಂತ ಕೆಳಗಿದ್ದರೆ ಕರುವಿಗೆ ಗಿಣ್ಣು ಸಾಲದೆ ಹೋಯಿತು ಎಂದರ್ಥ, 9.4 ದಾಟಿದರೆ ಬಹಳ ಒಳ್ಳೆಯದು. ಕರು ಉಚ್ಚಿಕೊಂಡು ಒಣಗಿದ್ದರೆ ಮಾತ್ರ ಈ ಲೆಕ್ಕ ನಂಬಬಾರದು, ನೀರು ಕಡಿಮೆಯಾಗಿ ಸುಳ್ಳು ಹೆಚ್ಚು ತೋರಿಸುತ್ತದೆ. ನೀಲಿ ಗೆರೆ 9ರ ಮೇಲೆ ನಿಂತಿತು.

‘ಏನು ರೀ, ಕರು ಹಣ್ಣಾಗಿದೆಯಾ, ಕೊಯ್ಯಬಹುದಾ?’ ಎಂದಳು ಹೆಂಡತಿ, ಒಲೆಯ ಮುಂದಿನಿಂದ. ಅವಳು ಮೂರನೆಯ ಸಲ ಕರೆದ ಹಾಲಿಗೆ ಬೆಲ್ಲ ಹಾಕುತ್ತಿದ್ದಳು. ಎದುರು ಮನೆಯವರಿಗೆ ಈ ಸಲ ಒಂದೇ ಬಟ್ಟಲು ಹೋಯಿತು. ಅವರು ಮುನಿಸಿಕೊಂಡಿದ್ದರು. ಮೊನ್ನೆ ಅವರ ಹಸುವೂ ಕರು ಹಾಕಿದೆ, ಬ್ರಿಕ್ಸ್ ಮೀಟರ್ ಈಗ ಅವರ ಮನೆಯಲ್ಲಿದೆ.